ಬೀಗದವರು ಎಂಬ ಹೆಸರು

ಮನೆಯಿಂದ,
ಗುರುವಾರ, ಹದಿನೇಳನೇ ತಾರೀಖು

ಚಿರಂಜೀವಿ ಮಗನಿಗೆ,

ಅಮ್ಮನ ಆಶೀರ್ವಾದ. ನನ್ನ ಆರೋಗ್ಯ ವಿಚಾರಿಸಿದ್ದೀಯ. ಮಂಡಿನೋವು ಇದ್ದಲ್ಲೇ ಇದೆ, ಕಣ್ಣು ಇದ್ದಷ್ಟೇ ಇದೆ, ನಾಲಿಗೆ ಮಾತ್ರ ಮೊದಲಿಗಿಂತ ಗಟ್ಟಿಯಾಗಿದೆ. ನೀನು, ಸೊಸೆ, ಮಕ್ಕಳು ಸುಖವಾಗಿದ್ದೀರೆಂದು ನೀನು ಕಳಿಸಿದ ಪುಸ್ತಕದ ಹೊಳಪು ಕಾಗದವೇ ಹೇಳುತ್ತಿದೆ.

ನಿನ್ನ ಲಕೋಟೆ ಬಂದು ಇಪ್ಪತ್ತಮೂರು ದಿನವಾಯಿತು. ತಡವಾದದ್ದಕ್ಕೆ ಬೇಸರಪಡಬೇಡ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ ಎಂದುಕೋ. ಮೂರು ಸಲ ಉತ್ತರ ಬರೆದು ಮೂರು ಸಲ ಹರಿದೆ. ಮೊದಲನೆಯದರಲ್ಲಿ ಬೈಗುಳ ಹೆಚ್ಚಾಗಿತ್ತು. ಎರಡನೆಯದರಲ್ಲಿ ಸಾಲದಾಗಿತ್ತು. ಮೂರನೆಯದನ್ನು ಓದಿದರೆ ನಾನೇ ನಿನ್ನ ಹತ್ತಿರ ಏನನ್ನೋ ಬೇಡುತ್ತಿರುವ ಹಾಗಿತ್ತು. ಅದೂ ಅಲ್ಲದೆ ಕೈಯಲ್ಲೊಂದು ಕೆಲಸವಿತ್ತು. ಅದು ನಿನ್ನೆ ಮುಗಿಯಿತು.

ನಿನ್ನ ಲಕೋಟೆಯಲ್ಲಿ ಮೂರು ವಸ್ತು ಇದ್ದವು. ಹೊಸ ಅಂಗಡಿ ತೆರೆಯುವ ದಿನ ಹಂಚಲು ನೀನು ಅಚ್ಚು ಹಾಕಿಸಿದ 'ಬೀಗದವರು: ಐದು ತಲೆಮಾರಿನ ಕಥೆ' ಎಂಬ ಪುಸ್ತಕ. ನಿನ್ನ ತಂಗಿ ಗುಬ್ಬಿಗೆ ನೀನು ವಕೀಲರಿಂದ ಕಳಿಸಿದ ನೋಟೀಸಿನ ನಕಲು. ಬಸ್ ನಿಲ್ದಾಣದ ಪಕ್ಕದಲ್ಲಿರುವ ಅವಳ ಬೀಗ ರಿಪೇರಿ ಅಂಗಡಿಯ ಬೋರ್ಡಿನಿಂದ ನಮ್ಮ ಮನೆತನದ ಹೆಸರನ್ನು ಹದಿನೈದು ದಿನದೊಳಗೆ ಅಳಿಸಬೇಕಂತೆ. ಮೂರನೆಯದು ನಾನು ಸಹಿ ಹಾಕಬೇಕಾದ ಹೇಳಿಕೆ. ಎಲ್ಲಿ ಹಾಕಬೇಕೆಂದು ಪೆನ್ಸಿಲಿನಲ್ಲಿ ಮೂರು ಕಡೆ ಗುರುತು ಮಾಡಿದ್ದೀಯ. ನೀನು ಮೂರು ಸಲ ಕೂತ ಹೈಸ್ಕೂಲಿನ ಗಣಿತ ಪರೀಕ್ಷೆಯನ್ನು ಒಂದೇ ಸಲಕ್ಕೆ ಪಾಸು ಮಾಡಿದವಳು ನಾನು. ಸಹಿ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎನ್ನುವುದಕ್ಕೆ ನನಗೆ ನಿನ್ನ ಪೆನ್ಸಿಲು ಬೇಡ.

ಹೇಳಿಕೆಯನ್ನು ನಾಲ್ಕು ಸಲ ಓದಿದೆ. "ನಮ್ಮ ಮನೆತನದ ಹೆಸರು ತಂದೆಯಿಂದ ಮಗನಿಗೆ ರಕ್ತಸಂಬಂಧದಿಂದ ಬರುವಂಥದ್ದು. ನನ್ನ ಮಗಳು ಬೇರೆ ಮನೆಗೆ ಹೋದವಳು. ಅಲ್ಲದೆ ಮನೆತನದ ಬೀಗವನ್ನು ಆಕೆ ತೆರೆದವಳೂ ಅಲ್ಲ. ಆದ್ದರಿಂದ ಈ ಹೆಸರಿನ ಮೇಲೆ ಆಕೆಗೆ ಯಾವ ಹಕ್ಕೂ ಇಲ್ಲ." ಇದು ನನ್ನ ಮಾತಂತೆ. ನಾನು ಹೇಳಿದೆನಂತೆ. ಬೇರೆ ಮನೆಗೆ ಹೋದವಳು! ನನ್ನ ಗಂಟಲಿಗೆ ಈ ಮಾತು ತುರುಕುವ ಧೈರ್ಯ ನಿನಗೆ ಹೇಗೆ ಬಂತು? ಈ ಮಾತನ್ನು ನೀನು ಎಲ್ಲಿ ಕಲಿತೆ? ವಕೀಲರು ಹೇಳಿಕೊಟ್ಟರೇ? ನಿನ್ನ ಹೆಂಡತಿಯೇ? ಅವಳಾಗಿರಲಾರಳು, ಅವಳೂ ಬೇರೆ ಮನೆಯಿಂದ ಬಂದವಳೇ.

ಸಹಿ ಹಾಕುವುದಿಲ್ಲ. ಈ ವಿಷಯ ಮೊದಲು ತಿಳಿದುಕೊಂಡು ಬಿಡು. ಉಳಿದದ್ದನ್ನು ಕೂತು ಓದು.

ನಿನ್ನ ಪುಸ್ತಕದ ಮೊದಲ ಪುಟದಲ್ಲಿ "ನಮ್ಮ ರಕ್ತದಲ್ಲೇ ಬೀಗವಿದೆ" ಎಂದಿದೆ. ನನ್ನ ರಕ್ತದಲ್ಲಿ ಕಬ್ಬಿಣ ಕಡಿಮೆ ಎಂದು ಡಾಕ್ಟರು ಹೋದ ತಿಂಗಳಷ್ಟೇ ಬರೆದುಕೊಟ್ಟಿದ್ದಾರೆ, ಬೇಕಾದರೆ ಎರಡನೆಯ ಮುದ್ರಣಕ್ಕೆ ಸೇರಿಸಿಕೋ. ಐದು ತಲೆಮಾರು ಎಂದು ಬರೆದಿದ್ದೀಯ. ಬೆರಳು ಮಡಚಿ ಎಣಿಸಿದೆ. ಮೂಲದಜ್ಜ ಒಂದು, ನಿನ್ನ ತಾತ ಎರಡು, ನಾನು ಮತ್ತು ನಿಮ್ಮಪ್ಪ ಮೂರು, ನೀನು ನಾಲ್ಕು. ಉಳಿದ ಒಂದನ್ನು ಯಾವ ಅಂಗಡಿಯಿಂದ ತಂದೆ? ಮೂಲದಜ್ಜ ಕೋಟೆಯ ಖಜಾನೆಗೆ 'ಬೀಗಾಧಿಕಾರಿ'ಯಾಗಿದ್ದನಂತೆ. ಚಿತ್ರದಲ್ಲಿ ಅವನಿಗೆ ಗಿರಿಜಾ ಮೀಸೆ, ಸೊಂಟದಲ್ಲಿ ಕತ್ತಿ. ಕತ್ತಿ ಯಾಕೋ? ಬೀಗ ಮಾತು ಕೇಳದಿದ್ದರೆ ಹೆದರಿಸುವುದಕ್ಕೋ?

ಮೂಲದಜ್ಜ ಯಾರೆಂದು ನಿನ್ನ ತಾತ, ಅಂದರೆ ನನ್ನ ಮಾವ, ನನಗೆ ಸ್ವತಃ ಹೇಳಿದ್ದಾರೆ. ಅವನ ಕೈಕೆಳಗೆ ಹನ್ನೊಂದು ವರ್ಷ ಕೆಲಸ ಮಾಡಿದವರು ಅವರು. ಮೂಲದಜ್ಜನಿಗೆ ಅಪ್ಪನ ಹೆಸರಿರಲಿಲ್ಲ. ಹಸುಗೂಸಾಗಿದ್ದಾಗ ಯಾರೋ ಅನಾಥಾಲಯದ ಮೆಟ್ಟಿಲ ಮೇಲೆ ಇಟ್ಟುಹೋಗಿದ್ದರು. ಅಲ್ಲಿಯ ರಿಜಿಸ್ಟರಿನಲ್ಲಿ ತಂದೆಯ ಹೆಸರಿನ ಮುಂದೆ ಒಂದು ಗೀಟು, ತಾಯಿಯ ಹೆಸರಿನ ಮುಂದೆ ಇನ್ನೊಂದು ಗೀಟು. ಈ ಊರಿಗೆ ಬಂದದ್ದು ಖಜಾನೆಗಲ್ಲ, ಜೈಲಿಗೆ. ಗಾಬರಿಯಾಗಬೇಡ, ಜೈಲಿನ ಬೀಗಗಳ ರಿಪೇರಿಗೆ. ಕೆಲಸ ಚೆನ್ನಾಗಿ ಮಾಡಿದ, ಇಲ್ಲೇ ನಿಂತ. ಅಂಗಡಿಯ ಪರವಾನಗಿಗೆ ಪುರಸಭೆಗೆ ಹೋದಾಗ ಗುಮಾಸ್ತ ಕೇಳಿದನಂತೆ, "ಮನೆತನದ ಹೆಸರೇನಪ್ಪ?"

"ಇಲ್ಲ ಸ್ವಾಮಿ."

"ಹೆಸರಿಲ್ಲದ ಮನೆತನ ಇರುತ್ತೇನಯ್ಯ? ಏನಾದ್ರೂ ಹೇಳು, ಖಾಲಿ ಬಿಡೋ ಹಾಗಿಲ್ಲ."

ಮೂಲದಜ್ಜ ಗುಮಾಸ್ತನ ಬೀರುವಿಗೆ ನೇತುಬಿದ್ದಿದ್ದ ಬೀಗ ತೋರಿಸಿದ. "ಅದನ್ನ ಮಾಡಿದ್ದು ನಾನೇ. ಅದನ್ನೇ ಬರೀರಿ."

ನಮ್ಮ ಹೆಸರು ಹುಟ್ಟಿದ್ದು ಹೀಗೆ. ಕೋಟೆಯೂ ಇಲ್ಲ, ಕತ್ತಿಯೂ ಇಲ್ಲ. ನಾನು ಈ ಕಥೆಯಿಂದ ಒಂದು ದಿನವೂ ನಾಚಿಕೊಂಡಿಲ್ಲ. ನಾಚಿಕೊಂಡವನು ನೀನು, ಅದೂ ಹೊಳಪು ಕಾಗದದಲ್ಲಿ.

ಈಗ ರಕ್ತದ ವಿಷಯಕ್ಕೆ ಬರೋಣ. ಮೂಲದಜ್ಜ ಮುದುಕನಾದ ಮೇಲೆ ಒಂದು ದೊಡ್ಡ ಬೀಗ ಮಾಡಿದ. ಕಬ್ಬಿಣದ ಮೈ, ಒಳಗೆ ಹಿತ್ತಾಳೆಯ ಏಳು ಲಿವರು, ಏಳನ್ನೂ ಸರಿಯಾದ ಎತ್ತರಕ್ಕೆ ಎತ್ತಿ ಹಿಡಿದರೆ ಮಾತ್ರ ಬಿಚ್ಚಿಕೊಳ್ಳುವಂಥದ್ದು. ಮಾಡಿ ಮುಗಿಸಿದ ದಿನವೇ ಅದರ ಕೀಲಿಕೈಯನ್ನು ಕುಲುಮೆಗೆ ಎಸೆದ. "ನನ್ನ ಹೆಸರು ನನಗೆ ಅಪ್ಪ ಕೊಟ್ಟಿದ್ದಲ್ಲ, ನನ್ನ ಕೈ ಕೊಟ್ಟಿದ್ದು. ಅದು ಕೈಗೇ ಹೋಗಲಿ. ಈ ಬೀಗ ತೆರೆದೋರು ಬೀಗದವರು" ಎಂದ. ಬೀದಿಯಲ್ಲಿ ಜನ ಮನೆಯವರನ್ನೆಲ್ಲ ಹಾಗೇ ಕರೆದುಕೊಳ್ಳಲಿ, ಶಾಲೆಯ ರಿಜಿಸ್ಟರಿನಲ್ಲಿ ಬರೆಯಲಿ. ಆದರೆ ಅಂಗಡಿಯ ಬೋರ್ಡಿನ ಮೇಲೆ ಆ ಹೆಸರು ಬರೆಸುವ ಹಕ್ಕು, ಮಾಡಿದ ಬೀಗದ ಮೇಲೆ ಆ ಹೆಸರಿನ ಮುದ್ರೆ ಹೊಡೆಯುವ ಹಕ್ಕು, ಅದನ್ನು ತೆರೆದವರಿಗೆ ಮಾತ್ರ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದಾಗ ಕೂರಬೇಕು, ಮಧ್ಯಾಹ್ನ ಗಿರಣಿಯ ಕೂಗು ಕೇಳಿದಾಗ ಏಳಬೇಕು. ಕೈಯಲ್ಲಿ ಒಂದು ತಂತಿ, ಒಂದು ಚಪ್ಪಟೆ ಪಟ್ಟಿ, ಬೇರೇನೂ ಇಲ್ಲ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಅವಕಾಶ.

ಮೊದಲು ಕೂತವನು ಮೂಲದಜ್ಜನ ಸ್ವಂತ ರಕ್ತದ ಒಬ್ಬನೇ ಮಗ. ಗಿರಣಿ ಕೂಗಿತು, ಬೀಗ ಬಾಯಿ ಬಿಡಲಿಲ್ಲ. ಅಂದೇ ಏಪ್ರನ್ ಬಿಚ್ಚಿಟ್ಟು ಹಿಂದಿನ ಬೀದಿಯ ಬೇಕರಿಗೆ ಸೇರಿದ. ಆಮೇಲೆ ಆ ಬೇಕರಿಯೇ ಅವನದಾಯಿತು. ಈಗಿರುವ ಬೇಕರಿಯವನು ಅವನ ಮೊಮ್ಮಗ. ಮೂಲದಜ್ಜನ ಹಳೆಯ ಫೋಟೋದಲ್ಲಿರುವ ಉಬ್ಬುಹಲ್ಲು ಆ ಬೇಕರಿಯವನ ಬಾಯಲ್ಲಿ ದಿನಾ ನಗುತ್ತಿರುತ್ತದೆ. ನಿನಗೆ ರಕ್ತವೇ ಬೇಕಿದ್ದರೆ ನಿನ್ನ ವಕೀಲರ ನೋಟೀಸು ಮೊದಲು ನಿನ್ನ ವಿಳಾಸಕ್ಕೇ ಬರಬೇಕು, ಕಳಿಸುವವನು ಆ ಬೇಕರಿಯವನಾಗಿರಬೇಕು. ನಿನ್ನ ಪುಸ್ತಕ ತೋರಿಸಿದೆ ಅವನಿಗೆ. "ಅಯ್ಯೋ, ನಮಗ್ಯಾಕಮ್ಮ ಬೀಗ? ನಮ್ಮ ಬನ್ನು ಮುಚ್ಚಿಟ್ರೆ ಯಾರು ತಗೋತಾರೆ?" ಅಂದ. ನಿನಗಿಂತ ಬುದ್ಧಿವಂತ.

ಎರಡನೆಯವರಾಗಿ ಕೂತವರು ನಿನ್ನ ತಾತ. ರೈಲ್ವೆ ಯಾರ್ಡಿನಲ್ಲಿ ಕಲ್ಲಿದ್ದಲು ಇಳಿಸುತ್ತಿದ್ದವರು. ಬೆನ್ನು ಹಿಡಿದುಕೊಂಡ ಮೇಲೆ ಇಪ್ಪತ್ತಾರನೆಯ ವಯಸ್ಸಿನಲ್ಲಿ ಕೆಲಸ ಕೇಳಿಕೊಂಡು ಮೂಲದಜ್ಜನ ಬಳಿ ಬಂದವರು. ಅವರಿಗೂ ಮೂಲದಜ್ಜನಿಗೂ ಹನಿ ರಕ್ತದ ಸಂಬಂಧವಿಲ್ಲ. ಹನ್ನೊಂದು ವರ್ಷ ಅರ ಹಿಡಿದು ಕೈ ಪಳಗಿಸಿಕೊಂಡು, ಗಿರಣಿ ಕೂಗಲು ಕಾಲು ಗಂಟೆ ಇರುವಾಗ ಬೀಗ ತೆರೆದರು. ಮೂಲದಜ್ಜ ಉಕ್ಕಿನ ಮುದ್ರೆಯನ್ನು ಅವರ ಅಂಗೈಯಲ್ಲಿಟ್ಟು ಹೊರಗೆ ಹೋಗಿ ಮೂಗು ಒರೆಸಿಕೊಂಡನಂತೆ.

ಮೂರನೆಯವರು ನಿಮ್ಮಪ್ಪ. ಸತ್ತವರ ಬಗ್ಗೆ ಹಗುರವಾಗಿ ಮಾತಾಡುವವಳಲ್ಲ ನಾನು, ಅವರ ಬಗ್ಗೆಯಂತೂ ಅಲ್ಲ. ಗಿರಾಕಿಯನ್ನು ಕೂರಿಸಿ ಮಾತಾಡಿಸುವುದರಲ್ಲಿ ಅವರಂಥವರಿರಲಿಲ್ಲ. ಕೈ ಮಾತ್ರ ದಪ್ಪ. ಆ ಬೀಗದ ಐದನೆಯ ಲಿವರು ಮಹಾ ಮೋಸಗಾರ. ಎತ್ತಿದರೆ ಕಚೇರಿಯ ಗುಮಾಸ್ತನ ಹಾಗೆ 'ಆಯ್ತು' ಅನ್ನುತ್ತದೆ, ಆಗಿರುವುದಿಲ್ಲ. ಅದನ್ನು ನಂಬಿ ಮುಂದೆ ಹೋದರೆ ಹಿಂದಿನ ನಾಲ್ಕೂ ಕುಸಿಯುತ್ತವೆ. ನಿಮ್ಮಪ್ಪ ಆರು ಸಲ ನಂಬಿದರು. ಗಿರಣಿ ಕೂಗಿತು. ಎದ್ದವರು ಮೂರು ದಿನ ಅಂಗಡಿಯ ಕಡೆ ತಲೆ ಹಾಕಲಿಲ್ಲ.

ಮಾವನಿಗೆ ಆಗ ಎದೆನೋವು ಶುರುವಾಗಿತ್ತು. ಮಗ ಸೋತಿದ್ದ, ಕೆಲಸದವರಿಬ್ಬರೂ ಸೋತಿದ್ದರು. ನಾನು ಮದುವೆಯಾಗಿ ಬಂದು ನಾಲ್ಕು ವರ್ಷ. ಅಂಗಡಿಯ ಕಾಗದಪತ್ರ ಬರೆಯಲೆಂದು ಕೂತವಳು ಪಕ್ಕದಲ್ಲೇ ಕೀಲಿಕೈಗಳ ಹಲ್ಲು ಅರೆಯುವುದು ಕಲಿತಿದ್ದೆ. ಒಂದು ಬೆಳಿಗ್ಗೆ ಮಾವ ಬೀಗವನ್ನು ತಂದು ನನ್ನ ಲೆಕ್ಕದ ಪುಸ್ತಕದ ಪಕ್ಕ ಕುಕ್ಕಿದರು.

"ಕೂತ್ಕೊಳಮ್ಮ."

"ನಾನಾ ಮಾವ? ಜನ ಏನಂತಾರೆ?"

"ಜನಕ್ಕೆ ಬಾಯಿದೆ, ನಿನಗೆ ಕೈಯಿದೆ. ಕೂತ್ಕೋ."

ಕೂತೆ. ಐದನೆಯದು 'ಆಯ್ತು' ಅಂದಾಗ ನನಗೆ ನಗು ಬಂತು. ಹೈಸ್ಕೂಲಿನಲ್ಲಿ ನಮ್ಮ ಪಕ್ಕದ ಬೆಂಚಿನವಳು ಹೀಗೇ ಅನ್ನುತ್ತಿದ್ದಳು, "ಲೆಕ್ಕ ಮಾಡಿ ಆಯ್ತು ಸಾರ್." ಸಾರ್ ಪುಸ್ತಕ ಕೇಳಿದರೆ ಹಾಳೆ ಬಿಳಿ. ನಾನು ಐದನೆಯದನ್ನು ನಂಬದೆ ಇನ್ನೊಂದು ಕೂದಲೆಳೆಯಷ್ಟು ಎತ್ತಿದೆ. ಅಂಗಡಿಯ ಗಡಿಯಾರ ಹತ್ತೂವರೆ ತೋರಿಸುತ್ತಿತ್ತು, ಬೀಗ ಬಾಯಿ ಬಿಟ್ಟು ನನ್ನ ಮಡಿಲಿಗೆ ಬಿತ್ತು. ಮಾವ ಮುದ್ರೆ ತಂದು ಕೈಯಲ್ಲಿಟ್ಟರು. ನಿಮ್ಮಪ್ಪ ಬಾಗಿಲಲ್ಲಿ ನಿಂತಿದ್ದರು. ಅವರು ಒಳಗೆ ಬಂದು, ನೆಲದ ಮೇಲೆ ಬಿದ್ದಿದ್ದ ತಂತಿ ಎತ್ತಿಕೊಟ್ಟು, "ಸರಿ ಹೋಯ್ತು. ಇಷ್ಟು ದಿನ ನೀನು ನನ್ನ ಹೆಸರು ಹೇಳ್ಕೊಂಡು ತಿರುಗ್ತಿದ್ದೆ, ಇನ್ಮೇಲೆ ನಾನು ನಿನ್ನ ಹೆಸರು ಹೇಳ್ಕೊಂಡು ತಿರುಗ್ತೀನಿ" ಅಂದರು. ನಕ್ಕರು ಕೂಡ. ಆ ನಗುವಿಗೆ ಎಷ್ಟು ನೋವಾಯಿತೆಂದು ನನಗೊಬ್ಬಳಿಗೇ ಗೊತ್ತು.

ತಿಳಿಯಿತೇನೋ, ರಕ್ತದ ಲೇಖಕನೇ? ನಿಮ್ಮಪ್ಪನಿಗೆ ಈ ಹೆಸರಿನ ಹಕ್ಕು ಬಂದದ್ದು ಬೇರೆ ಮನೆಯಿಂದ ಬಂದವಳಿಂದ. ಊರಿಗೆ ನಾವು ಇದನ್ನು ಹೇಳಲಿಲ್ಲ. ಬೋರ್ಡು ಅವರ ಹೆಸರಿನಲ್ಲೇ ಇರಲಿ ಎಂದವಳು ನಾನೇ. ನಿನ್ನ ಪುಸ್ತಕದಲ್ಲಿ ನಾನೆಲ್ಲಿದ್ದೇನೆ ಎಂದು ಹುಡುಕಿದೆ. ಹದಿನಾಲ್ಕನೆಯ ಪುಟದಲ್ಲಿ, ನಿಮ್ಮಪ್ಪನ ಫೋಟೋದ ಪಕ್ಕದಲ್ಲಿ, ಅರ್ಧ ತೋಳು ಕಾಣುತ್ತದೆ. ಉಳಿದದ್ದನ್ನು ಕತ್ತರಿಸಿದ್ದೀಯ. ಆ ತೋಳಿನಲ್ಲೇ ನಾನು ಮೂವತ್ತೊಂದು ವರ್ಷ ಬೀಗ ಮಾಡಿದ್ದು.

ನಿನ್ನ ಸಾಹಸವೂ ಓದಿದೆ. "ಇಪ್ಪತ್ತೊಂದನೇ ವಯಸ್ಸಿಗೆ ಕೇವಲ ನಲವತ್ತು ನಿಮಿಷದಲ್ಲಿ ಮನೆತನದ ಬೀಗ ತೆರೆದ ದಾಖಲೆ." ಆ ವಿಷಯ ಈಗ ಬೇಡ.

ಹೋದ ತಿಂಗಳು ಅಳಿಯ ತನ್ನ ಬಸ್ಸಿನಲ್ಲಿ ಬಂದಾಗ ನಿನ್ನ ಅಂಗಡಿಯ ಬೀಗವೊಂದನ್ನು ತರಿಸಿಕೊಂಡೆ. ಕಂಡಕ್ಟರ್ ಕೆಲಸದವನು, ಟಿಕೆಟ್ ಹರಿದುಕೊಟ್ಟ ಹಾಗೆ ನನ್ನ ಕೈಗೆ ಕೊಟ್ಟು, "ಅತ್ತೆ, ಇದು ನಾನೇ ದುಡ್ಡು ಕೊಟ್ಟು ತಂದಿದ್ದು, ಭಾವನ ಅಂಗಡೀಲಿ ನನಗೆ ರಿಯಾಯಿತಿ ಇಲ್ಲ" ಅಂದ. ಯಾವುದೋ ಕಾರ್ಖಾನೆಯ ಮಾಲು, ಮೇಲೆ ನಮ್ಮ ಮುದ್ರೆ. ಒಲೆಯ ಮೇಲೆ ಹಾಲಿಟ್ಟಿದ್ದೆ. ತಲೆಯಿಂದ ಪಿನ್ನು ತೆಗೆದು ಬೀಗದೊಳಗೆ ಹಾಕಿದೆ. ಹಾಲು ಉಕ್ಕುವ ಮೊದಲೇ ಬೀಗ ಬಿಚ್ಚಿಕೊಂಡಿತು. ನನಗೆ ಬಂದ ಸಿಟ್ಟಿಗೆ ಹಾಲು ಉಕ್ಕಿ ಚೆಲ್ಲಿದ್ದೂ ಕಾಣಲಿಲ್ಲ. ಜನ ಇದನ್ನು ತಮ್ಮ ಬಾಗಿಲಿಗೆ ಹಾಕಿ ಊರಿಗೆ ಹೋಗುತ್ತಾರಲ್ಲೋ! ಒಳಗೆ ಅವರ ಬಟ್ಟೆಬರೆ, ಮಕ್ಕಳ ಪುಸ್ತಕ, ಸತ್ತವರ ಫೋಟೋ ಎಲ್ಲ ಇರುತ್ತದೆ. ನಮ್ಮ ಹೆಸರು ನೋಡಿ ನಿಶ್ಚಿಂತೆಯಿಂದ ಹೋಗುತ್ತಾರೆ.

ನೋಟೀಸು ಯಾಕೆ ಹೋಯಿತೆನ್ನುವುದನ್ನೂ ಅಳಿಯನೇ ಹೇಳಿದ. ನಿನ್ನ ಹೊಸ ಅಂಗಡಿಗೆ ಬಂದ ಗಿರಾಕಿಯೊಬ್ಬ, "ಬೀಗದವರು ಅಂದ್ರೆ ಬಸ್ ಸ್ಟ್ಯಾಂಡ್ ಹತ್ರ ಇರೋ ಅಕ್ಕ ಅಲ್ವಾ? ನೀವ್ಯಾರು?" ಎಂದನಂತೆ. ಗಾಜಿನ ಬಾಗಿಲು, ತಣ್ಣನೆ ಗಾಳಿಯ ಯಂತ್ರ, ಟೈ ಕಟ್ಟಿದ ನಾಲ್ಕು ಮಂದಿ ಕೆಲಸದವರು, ಅವರೆಲ್ಲರ ಎದುರು ಈ ಪ್ರಶ್ನೆ. ನಿನಗೆ ಮುಖ ಕೆಂಪಾಯಿತು. ಕೆಂಪಾದ ಮುಖದಲ್ಲಿ ತಂಗಿಯ ಅಂಗಡಿಗೆ ಹೋಗಿ, "ಹೇಗೆ ಮಾಡ್ತೀಯೆ, ನನಗೂ ತೋರಿಸೆ" ಅನ್ನಬಹುದಿತ್ತು. ವಕೀಲರ ಬಳಿ ಹೋದೆ.

ಅವಳ ಅಂಗಡಿ ನೋಡಿದ್ದೀಯಾ? ನಾನು ನೋಡಿದ್ದೇನೆ. ಎರಡು ಜನ ನಿಂತರೆ ಮೂರನೆಯವರು ಬಸ್ಸಿನ ಕೆಳಗೆ ನಿಲ್ಲಬೇಕು, ಅಷ್ಟು ಜಾಗ. ಬೀಗ ಕಚ್ಚಿ ಹಿಡಿಯುವ ಒಂದು ವೈಸು, ಒಂದು ದೀಪ, ಮೊಳೆಗೆ ನೇತುಹಾಕಿದ ನೂರಾರು ಕೀಲಿಕೈಗಳು. ಕೀಲಿಕೈ ಕಳೆದುಕೊಂಡು ಅಳುತ್ತ ಬಂದ ಮುದುಕಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಪೆಟ್ಟಿಗೆಯ ಬೀಗವನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ ತೆರೆಯುತ್ತಾಳೆ. ಹಾಗೆ ಕಣ್ಣು ಮುಚ್ಚುತ್ತಿದ್ದವರು ನಿನ್ನ ತಾತ. ಅವಳಿಗೆ ಯಾರೂ ಕಲಿಸಿಕೊಟ್ಟದ್ದಲ್ಲ ಅದು.

"ಆಕೆ ಬೀಗ ತೆರೆದವಳೂ ಅಲ್ಲ" ಎಂದು ನನ್ನ ಹೆಸರಿನಲ್ಲಿ ಬರೆದಿದ್ದೀಯಲ್ಲ, ಸರಿ. ನಿಯಮವೆಂದರೆ ನಿಯಮ. ಬರುವ ಭಾನುವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತೇನೆ. ಮೂಲದಜ್ಜನ ಬೀಗವನ್ನು ತೊಲೆಯಿಂದ ಇಳಿಸಿ ಒರೆಸಿಟ್ಟಿದ್ದೇನೆ. ಗುಬ್ಬಿಗೂ ಅಳಿಯನ ಕೈಯಲ್ಲಿ ಹೇಳಿಕಳಿಸಿದ್ದೇನೆ. ಅವಳು ಕೂರುತ್ತಾಳೆ. ನೀನೂ ಬಾ. ಬರುವಾಗ ಮುದ್ರೆ ತೆಗೆದುಕೊಂಡು ಬಾ. ತೆರೆದವರ ಕೈಗೆ ಮುದ್ರೆ, ಅವರ ಬೋರ್ಡಿಗೆ ಹೆಸರು. ಒಂದೇ ಅವಕಾಶವೆಂಬುದು ಸೋತವರಿಗೆ; ನೀನು ಈಗಾಗಲೇ ತೆರೆದವನು, ನಿನಗೆ ಇನ್ನೊಮ್ಮೆ ಕೂರಲು ಹೆದರಿಕೆ ಯಾಕೆ? ನಲವತ್ತು ನಿಮಿಷದ ಕೆಲಸ ತಾನೇ? ಬಾರದಿದ್ದರೆ ಬಾರದಿರು. ಆದರೆ ಆ ಹೇಳಿಕೆಯನ್ನು ಮತ್ತೆ ಈ ವಿಳಾಸಕ್ಕೆ ಕಳಿಸಬೇಡ. ಒಲೆ ಹಚ್ಚಲು ನನಗೆ ಹಳೆಯ ಪೇಪರುಗಳೇ ಸಾಕಷ್ಟಿವೆ.

ಸೊಸೆಗೆ ಗಂಟಲು ಕೆಟ್ಟಿದೆ ಎಂದು ಕೇಳಿದೆ. ಬಿಸಿನೀರು ಕುಡಿಯಲಿ, ಆ ತಣ್ಣನೆ ಗಾಳಿಯ ಯಂತ್ರದ ಕೆಳಗೆ ಕೂರುವುದು ಬೇಡ. ಮಕ್ಕಳ ತಲೆ ಸವರಿದ್ದೇನೆಂದು ಹೇಳು. ದೊಡ್ಡವಳು ಹೋದ ಸಲ ಬಂದಾಗ ನನ್ನ ಬೀರುವಿನ ಬೀಗವನ್ನು ಬಿಚ್ಚಿ ಮತ್ತೆ ಜೋಡಿಸಿಟ್ಟಿದ್ದಳು, ಒಂದು ಸ್ಪ್ರಿಂಗ್ ಮಾತ್ರ ತಲೆಕೆಳಗಾಗಿತ್ತು. ಅವಳನ್ನು ಬೈಯಬೇಡ. ನಿನಗೂ ಒಳ್ಳೆಯದಾಗಲಿ. ಸಿಟ್ಟಿನಲ್ಲಿ ಹರಸಿದರೂ ಹರಕೆ ಹರಕೆಯೇ.

ನಿನ್ನ ಅಮ್ಮ,
ಬೀಗದವಳು


ಮತ್ತೆ ಬರೆದದ್ದು, ಶುಕ್ರವಾರ ಬೆಳಿಗ್ಗೆ:

ಲಕೋಟೆ ಅಂಟಿಸಿಟ್ಟಿದ್ದೆ. ಈಗ ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ.

ಬೆಳಗಿನ ಬಸ್ಸಿನಲ್ಲಿ ಅಳಿಯ ಬಂದ. ಯಾವಾಗಲೂ ಬಾಗಿಲಲ್ಲೇ ತಮಾಷೆ ಶುರುಮಾಡುವವನು ಇವತ್ತು ಚಪ್ಪಲಿ ಬಿಟ್ಟು ನೇರವಾಗಿ ಒಳಗೆ ಬಂದ.

"ಭಾನುವಾರ ಅವಳು ಬರಲ್ವಂತೆ ಅತ್ತೆ."

"ಯಾಕಂತೆ?"

"ಬೋರ್ಡು ಇಳಿಸಿಬಿಟ್ಟಿದ್ದಾಳೆ. ನೋಟೀಸು ಬಂದ ದಿನಾನೇ. ನಿಮಗೆ ಹೇಳ್ಬೇಡ ಅಂದಿದ್ಲು. ಈಗ ಬರೀ 'ಬೀಗ ರಿಪೇರಿ' ಅಂತ ಸುಣ್ಣದಲ್ಲಿ ಬರೆದಿದ್ದಾಳೆ. ಇದನ್ನ ನಿಮಗೆ ಕೊಡು ಅಂದ್ಲು. ಏನು ಅಂತ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ."

ಒಂದು ಹಳೆಯ ಬೆಂಕಿಪೊಟ್ಟಣ, ಸುತ್ತಲೂ ದಾರ. ಬಿಚ್ಚಿ ನೋಡಿದೆ. ಒಳಗೆ ಒಂದು ಚಿಟಿಕೆ ಹಿತ್ತಾಳೆ ಪುಡಿ.

ಆ ವಿಷಯ ಈಗ ಬೇಡ ಎಂದು ನಿನ್ನೆ ಬರೆದಿದ್ದೆ. ಈಗ ಬೇಕಾಗಿದೆ.

ನೀನು ಬೀಗದ ಮುಂದೆ ಕೂರುವ ಹಿಂದಿನ ದಿನ ನಿಮ್ಮಪ್ಪ ಹಾಸಿಗೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಹೇಳಿದರು, "ಅವನು ಸೋತು ಏಳೋದನ್ನ ನನ್ನಿಂದ ನೋಡಕ್ಕಾಗಲ್ಲ ಕಣೇ. ಈ ಮನೇಲಿ ಸೋತಿದ್ದು ನಾನೊಬ್ಬನೇ ಸಾಕು." ಜೀವನದಲ್ಲಿ ನನ್ನನ್ನು ಅವರು ಕೇಳಿದ್ದು ಅದೊಂದೇ. ನಾನು ಅಂಗಡಿಗೆ ಹೋಗಿ ಬೀಗದ ಹಿಂದಿನ ತಗಡು ಬಿಚ್ಚಿ ಐದನೆಯ ಲಿವರಿನ ಕಂಡಿಯನ್ನು ಅರದಿಂದ ಅಗಲ ಮಾಡಿದೆ. ಆಮೇಲೆ ಅದು ಯಾರು ಎತ್ತಿದರೂ ಏಳುವಷ್ಟು ಸಡಿಲವಾಯಿತು. ನಿನ್ನ ನಲವತ್ತು ನಿಮಿಷ ಅದು. ನೀನು ತೆರೆದದ್ದು ಮೂಲದಜ್ಜನ ಬೀಗವಲ್ಲ, ನನ್ನದು.

ತಲೆ ಎತ್ತಿದರೆ ಗುಬ್ಬಿ ಪೊರಕೆ ಹಿಡಿದು ನಿಂತಿದ್ದಳು. ಹದಿನಾರು ವರ್ಷ ಆಗ. ಮೇಜಿನ ಮೇಲೆ ನೋಡಿದಳು, ನನ್ನ ಮುಖ ನೋಡಿದಳು.

"ಹಿತ್ತಾಳೆ ಪುಡಿ ಬಿದ್ದಿದೆಯಮ್ಮ. ಒರೆಸ್ಲಾ?"

"ಒರೆಸು."

ಇಷ್ಟೇ ಮಾತು. ಒಂದು ಕಾಗದಕ್ಕೆ ಒರೆಸಿಕೊಂಡು ಹೋದಳು. ಕಸದ ಬುಟ್ಟಿಗೆ ಹಾಕಿದಳೆಂದುಕೊಂಡಿದ್ದೆ. ಮಾರನೆಯ ದಿನ ನೀನು ಬೀಗ ಎತ್ತಿ ಹಿಡಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಅವಳು.

ಎರಡು ವರ್ಷದ ನಂತರ, ನಿಮ್ಮಪ್ಪ ತೀರಿಕೊಂಡ ಮೇಲೆ, ಅವಳು ನನ್ನ ಮುಂದೆ ಬಂದು ನಿಂತು, "ಅಮ್ಮ, ನಾನೂ ಒಂದು ಸಲ ಕೂರ್ಲಾ? ಆ ಲಿವರು ಮೊದಲಿನ ಹಾಗೆ ಮಾಡಿಕೊಡು, ಸಾಕು" ಎಂದಳು. ಹೊಸ ಲಿವರು ಹಾಕಿದರೆ ನಿನ್ನ ವಿಷಯ ಹೊರಬೀಳುತ್ತದೆಂದು ನನಗೆ ಹೆದರಿಕೆ. ಹಾಗೆಂದು ಹೇಳಲು ನನ್ನ ಜಂಬ ಬಿಡಲಿಲ್ಲ. ಬದಲಿಗೆ ಹೇಳಿದೆ, "ನೀನು ಬೇರೆ ಮನೆಗೆ ಹೋಗೋಳು. ನಿನಗ್ಯಾಕೆ ಈ ಹೆಸರು?"

ಆಗ ನೀನು ಬಾಗಿಲಲ್ಲಿ ನಿಂತು ಕೀಲಿಕೈ ಗೊಂಚಲು ಆಡಿಸುತ್ತಿದ್ದೆ. ಆ ಸದ್ದು ನನಗೆ ಇನ್ನೂ ಕೇಳುತ್ತದೆ. ಈ ಮಾತನ್ನು ಎಲ್ಲಿ ಕಲಿತೆ ಎಂದು ನಿನ್ನೆ ನಿನ್ನನ್ನು ಅಷ್ಟು ಬೈದೆನಲ್ಲ, ಹೇಳಿಕೆಯನ್ನು ನಾಲ್ಕು ಸಲ ಓದಿದ್ದು ಅದಕ್ಕೇ. ಮೊದಲ ಸಲವೇ ಗುರುತು ಸಿಕ್ಕಿತ್ತು.

ಇಪ್ಪತ್ತಮೂರು ದಿನ ನಾನು ಮಾಡಿದ ಕೆಲಸ ಆ ಲಿವರು. ಎರಡು ಹಾಳಾದವು, ಮೂರನೆಯದು ಕೂತಿತು. ಈಗ ಅದು ಮೊದಲಿನ ಹಾಗೆ ಸುಳ್ಳು ಹೇಳುತ್ತದೆ. ಇಪ್ಪತ್ತೆರಡು ವರ್ಷ ತಡವಾಗಿ ಮಾಡಿದ್ದೇನೆ, ಅವಳು ಬೋರ್ಡು ಇಳಿಸಿದ ಮೇಲೆ.

ಭಾನುವಾರ ನೀನು ಬರಬೇಡ, ಅಂಗಡಿ ಮುಚ್ಚಿರುತ್ತದೆ. ಇವತ್ತೇ ಅಳಿಯನ ಬಸ್ಸು ಹನ್ನೊಂದಕ್ಕೆ ಹೊರಡುತ್ತದೆ. ಬೀಗವನ್ನು ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದೇನೆ, ಅವಳ ಅಂಗಡಿಗೆ ನಾನೇ ಹೊತ್ತು ಹೋಗುತ್ತೇನೆ. ಕೂರು ಎಂದು ಹೇಳುವ ಬಾಯಿ ನನಗಿಲ್ಲ. ಅವಳ ಮೇಜಿನ ಮೇಲೆ ಇಟ್ಟು, ಆ ಮುದುಕಿಯರು ಕೂರುವ ಸ್ಟೂಲಿನ ಮೇಲೆ ಕೂರುತ್ತೇನೆ. ತೆರೆಯುವುದು, ಬಿಡುವುದು ಅವಳಿಗೆ ಬಿಟ್ಟದ್ದು.

ಬೆಂಕಿಪೊಟ್ಟಣ ಈ ಲಕೋಟೆಯಲ್ಲಿದೆ. ಫ್ಯಾನಿನ ಕೆಳಗೆ ತೆರೆಯಬೇಡ, ಹಾರಿಹೋಗುತ್ತದೆ. ನಿನಗೆ ಹೆಸರು ಕೊಟ್ಟದ್ದು ಅಷ್ಟೇ ಪುಡಿ.